ಕಳೆದುಹೋಗದ ಚಾವಿ

ನಮ್ಮ ಥ್ರಿಲ್ಲರ್ ಸಿನಿಮಾದ ಮೊದಲ ದೃಶ್ಯವನ್ನು ಹೈದರಾಬಾದಿನ ಕಾಚಿಗೂಡದಲ್ಲಿ ತೆಗೆಯೋಣ ಎಂದು ನಾನು ಹೇಳಿದಾಗ ತಂಡದಲ್ಲಿ ಯಾರೂ ಬೇಡವೆನ್ನಲಿಲ್ಲ. ರೈಲು ನಿಲ್ದಾಣಕ್ಕೆ ಹತ್ತಿರದ ಗಲ್ಲಿ, ಹಳೇ ಲಾಡ್ಜು, ಅದರ ಎದುರಿಗೆ ಕಬ್ಬಿನ ಹಾಲಿನ ಗಾಡಿ, ಪಕ್ಕದಲ್ಲಿ ಹೂವಿನ ಬುಟ್ಟಿ, ತಲೆಯ ಮೇಲೆ ಜೋತುಬಿದ್ದ ವೈರುಗಳ ಗೋಜಲು. ಕ್ಯಾಮೆರಾ ಇಟ್ಟರೆ ಸಾಕು, ಭಯ ತಾನಾಗಿ ಬರುತ್ತದೆ ಎಂದು ಎಲ್ಲರಿಗೂ ಧೈರ್ಯ ಹೇಳಿದ್ದೆ. ಕ್ಯಾಮೆರಾ ಇಟ್ಟ ಮೇಲೆ ಆ ಗಲ್ಲಿಯವರೆಲ್ಲ ಸಾಲುಗಟ್ಟಿ ಉಪಕಾರ ಮಾಡಲು ಬಂದರು.

ನಮ್ಮದು ಸಿನಿಮಾ ಕೋರ್ಸಿನ ಕೊನೆಯ ವರ್ಷ. ಪ್ರತಿ ತಂಡವೂ ತನ್ನ ಸಿನಿಮಾದ ಆರಂಭವನ್ನಷ್ಟೇ ತೆಗೆದು ಇಡೀ ತರಗತಿಯ ಮುಂದೆ ತೋರಿಸಬೇಕು. ಮಾರ್ಗದರ್ಶಕಿಗೆ ಅದು ಹಿಡಿಸಿದರೆ ಉಳಿದ ಚಿತ್ರಕ್ಕೆ ಕಾಲೇಜಿನ ಕ್ಯಾಮೆರಾ ಸಿಗುತ್ತದೆ. ಹಿಡಿಸದಿದ್ದರೆ ತಂಡ ಒಡೆದು, ಪಾಸಾದವರ ಕೈಕೆಳಗೆ ಸಹಾಯಕರಾಗಿ ಹೋಗಬೇಕು. ನಾನು ಹೋಗಬೇಕಾದ ಜಾಗವೂ ಆಗಲೇ ಕಿವಿಗೆ ಬಿದ್ದಿತ್ತು. ಇನ್ನೊಂದು ತಂಡದ ಪ್ರೇಮಕಥೆಯಲ್ಲಿ, ನಾಯಕಿಯ ದುಪಟ್ಟಾ ಪ್ರತಿ ಶಾಟಿನಲ್ಲೂ ಅದೇ ಹೆಗಲ ಮೇಲಿದೆಯೇ ಎಂದು ಕಾಯುವ ಕೆಲಸ. ಆ ತಂಡದ ನಿರ್ದೇಶಕ ಕ್ಯಾಂಟೀನಿನಲ್ಲಿ ನನ್ನನ್ನು ಕಂಡಾಗಲೆಲ್ಲ ತನ್ನ ಹೆಗಲು ಮುಟ್ಟಿಕೊಂಡು ಹಲ್ಲು ಕಿರಿಯುತ್ತಿದ್ದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಇಷ್ಟು ದಿನ ತಲೆಯಲ್ಲಿ ಹೊತ್ತು ತಿರುಗಿದ ಕಥೆಯನ್ನು ಯಾರದೋ ದುಪಟ್ಟಾದ ಕೆಳಗೆ ಹೂತುಹಾಕಲು ನಾನು ತಯಾರಿರಲಿಲ್ಲ.

ನಾನು ಬರೆದುಕೊಂಡಿದ್ದ ಆರಂಭ ಬಹಳ ಸರಳ. ಹುಡುಗಿಯೊಬ್ಬಳು ಲಾಡ್ಜಿನಿಂದ ಹೊರಬರುತ್ತಾಳೆ. ನಡೆಯುತ್ತ ನಡೆಯುತ್ತ ಕೋಣೆಯ ಚಾವಿಯನ್ನು ಬೇಕೆಂದೇ ರಸ್ತೆಯಲ್ಲಿ ಬೀಳಿಸಿ, ತಿರುಗಿ ನೋಡದೆ ಹೋಗುತ್ತಾಳೆ. ಹಿಂದಿನಿಂದ ಬಂದ ಗಡ್ಡದವನೊಬ್ಬ ಚಾವಿ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಪರದೆ ಕಪ್ಪಾಗಿ ಸಿನಿಮಾದ ಹೆಸರು ಬರುತ್ತದೆ. ಮಾತಿಲ್ಲ, ಕತೆ ಇಲ್ಲ.

ತಂಡದಲ್ಲಿ ನಾವು ಐದು ಜನ. ನಿರ್ದೇಶನ, ಸಂಕಲನ ನನ್ನದು, ನಾನು ರಾಯಚೂರಿನವಳು. ಕ್ಯಾಮೆರಾದವನು ವರಂಗಲ್ ಹುಡುಗ, ನನ್ನನ್ನು ಅಕ್ಕಾ ಎನ್ನುತ್ತಿದ್ದ. ಶಬ್ದದ ಜವಾಬ್ದಾರಿ ಮೈಸೂರಿನ ಗೆಳತಿಯದು. ನಾಯಕಿ ನಮ್ಮ ಜೂನಿಯರ್, ಹೈದರಾಬಾದಿನವಳೇ. ಗಡ್ಡದ ಖಳನಾಗಿ ಸಿಕ್ಕವನು ಉಡುಪಿ ಕಡೆಯವನು. ಐಟಿ ಕಂಪನಿಯಲ್ಲಿ ಕೆಲಸ, ಊರಿನಲ್ಲಿ ನಾಟಕದ ಹುಚ್ಚು. ನಮ್ಮ ಸಿನಿಮಾಕ್ಕೆಂದೇ ಗಡ್ಡ ಬಿಟ್ಟು, ರಜೆ ಹಾಕಿ ಬಂದಿದ್ದ. ನೋಡಲು ಆರಡಿ ಆಳು, ಮಾತನಾಡಿದರೆ ಬೆಣ್ಣೆ.

ಚಾವಿಗೆ ಲಾಡ್ಜುಗಳಲ್ಲಿ ಇರುವಂಥದ್ದೇ ಮರದ ಬಿಲ್ಲೆ ಕಟ್ಟಿ, ಕೆಂಪು ಬಣ್ಣ ಬಳಿದು, ಬಿಳಿಯಲ್ಲಿ ಕೋಣೆಯ ಸಂಖ್ಯೆ ಬರೆದೆವು. ದೂರದಿಂದಲೂ ಎದ್ದು ಕಾಣಬೇಕಿತ್ತು. ಕ್ಯಾಮೆರಾವನ್ನು ರಸ್ತೆಯಲ್ಲಿಟ್ಟರೆ ಬಂದವರೆಲ್ಲ ಅದನ್ನೇ ದಿಟ್ಟಿಸುತ್ತಾರೆ. ಅದಕ್ಕೇ ಲಾಡ್ಜಿನ ಮಾಲೀಕರನ್ನು ಒಪ್ಪಿಸಿ, ಮೊದಲ ಮಹಡಿಯ ಬಾಲ್ಕನಿಯಲ್ಲಿ ಒಣಹಾಕಿದ್ದ ಹಾಸಿಗೆ ಬಟ್ಟೆಗಳ ನಡುವೆ ಸ್ಟ್ಯಾಂಡು ನಿಲ್ಲಿಸಿ, ದೂರದ ಲೆನ್ಸ್ ಹಾಕಿದೆವು. ಠಾಣೆಗೆ ಕಾಲೇಜಿನ ಪತ್ರ ಕೊಟ್ಟಿದ್ದೆವು. ಗಲ್ಲಿಯ ಮಂದಿಗೆ ಮಾತ್ರ ಏನನ್ನೂ ಹೇಳಲಿಲ್ಲ. ಗೊತ್ತಾದರೆ ಸಹಜತೆ ಹಾಳಾಗುತ್ತದೆ ಎಂಬುದು ನನ್ನ ವಾದ.

ಮೊದಲ ಟೇಕ್. ಹುಡುಗಿ ಹೊರಬಂದಳು, ಸೊಗಸಾಗಿ ನಡೆದಳು, ಗುರುತು ಹಾಕಿದ ಕಡೆ ಚಾವಿ ಬೀಳಿಸಿದಳು. ಫೋಕಸ್ ಚಾವಿಯ ಮೇಲೆ ಬಂದು ನಿಂತಿತು. ಖಳ ಎರಡು ಹೆಜ್ಜೆ ಇಟ್ಟಿದ್ದ, ಅಷ್ಟರಲ್ಲಿ ಕಬ್ಬಿನ ಹಾಲಿನವರು ಗಾಡಿ ಬಿಟ್ಟು ಓಡಿಬಂದರು.

"ಓ ಬೇಟಾ! ಚಾಬೀ ಗಿರ್ ಗಯೀ ದೇಖೋ!"

ಚಾವಿಯನ್ನು ತಮ್ಮ ಒದ್ದೆ ಟವೆಲಿನಿಂದ ಒರೆಸಿ ಅವಳ ಕೈಗೆ ಕೊಟ್ಟರು. ನಮ್ಮ ನಾಯಕಿ ಒಳ್ಳೆಯ ಮನೆಯಲ್ಲಿ ಬೆಳೆದ ಹುಡುಗಿ. "ಥ್ಯಾಂಕ್ಸ್ ಅಂಕಲ್" ಎಂದು ಹಲ್ಲೆಲ್ಲ ಕಾಣುವಂತೆ ನಕ್ಕಳು.

ಎರಡನೆಯದಕ್ಕೆ ಶಾಲೆಗೆ ಮಗಳನ್ನು ಬಿಡಲು ಹೊರಟಿದ್ದ ತಾಯಿ ಸ್ಕೂಟರ್ ನಿಲ್ಲಿಸಿ ಎತ್ತಿಕೊಟ್ಟರು. ಆಮೇಲೆ ಒಬ್ಬ ಆಟೋದವನು. ಆಮೇಲೆ ಟೋಪಿ ಹಾಕಿಕೊಂಡ ಮುದುಕರೊಬ್ಬರು, ಬಗ್ಗಲು ಆಗದೆ ಊರುಗೋಲಿನಿಂದ ಚಾವಿಯನ್ನು ತೋರಿಸುತ್ತ, ಅವಳು ಹಿಂತಿರುಗಿ ಬಂದು ಎತ್ತಿಕೊಳ್ಳುವವರೆಗೂ ಬಿಸಿಲಲ್ಲಿ ನಿಂತೇ ಇದ್ದರು. ಒಂದು ಸಲ ಅವಳು ಬೇಗಬೇಗ ನಡೆದು ತಿರುವಿನಲ್ಲಿ ಮರೆಯಾದಳು. ಚಾವಿ ಸಿಕ್ಕವನು ಅದನ್ನು ಸೀದಾ ಲಾಡ್ಜಿನ ಕೌಂಟರಿಗೆ ಒಯ್ದು ಕೊಟ್ಟ. ನಾವು ಬರೆದಿದ್ದ ಸಂಖ್ಯೆಯ ಕೋಣೆ ಆ ಲಾಡ್ಜಿನಲ್ಲಿ ಇರಲೇ ಇಲ್ಲ. ಮಾಲೀಕರು ಬಿಲ್ಲೆಯನ್ನು ಹಿಂದೆ ಮುಂದೆ ತಿರುಗಿಸುತ್ತ ಮೇಲೆ ಬಂದು, ತಮ್ಮದೇ ಕಟ್ಟಡದಲ್ಲಿ ತಮಗೆ ಗೊತ್ತಿಲ್ಲದ ಕೋಣೆ ಯಾವುದು ಎಂದು ನಮ್ಮನ್ನೇ ಕೇಳಿದರು.

ಪ್ರತಿ ಸಲವೂ ಕ್ಯಾಮೆರಾದವನು ಲೆನ್ಸಿನಿಂದ ಕಣ್ಣು ತೆಗೆಯದೆ, "ಮಳ್ಳ ಇಚ್ಚಿನ್ರು ಅಕ್ಕಾ" ಎಂದು ವರದಿ ಒಪ್ಪಿಸುತ್ತಿದ್ದ. ಮತ್ತೆ ಕೊಟ್ಟುಬಿಟ್ಟರು ಎಂದು. ಆ ಮಾತು ಕೇಳಿದರೆ ನನಗೆ ರೇಗಿಹೋಗುತ್ತಿತ್ತು.

ಬಿಸಿಲು ಏರಿ ನೆರಳುಗಳು ಜಾಗ ಬದಲಿಸುವ ಮೊದಲು ಒಂದಾದರೂ ಟೇಕ್ ಆಗಲೇಬೇಕಿತ್ತು. ಖಳನನ್ನು ನಾಯಕಿಯ ಬೆನ್ನಿಗೇ ಅಂಟಿಸಿದೆ. ಈ ಸಲ ಚಾವಿ ನೆಲ ಮುಟ್ಟುವುದರೊಳಗೆ ಅವನು ಎತ್ತಿಕೊಂಡ. ಅಕ್ಕಪಕ್ಕ ನೋಡಿದ, ನಿಧಾನಕ್ಕೆ ಜೇಬಿಗೆ ಇಳಿಸಿದ. ನಾನು ಬಾಲ್ಕನಿಯಲ್ಲಿ ಮುಷ್ಟಿ ಬಿಗಿಹಿಡಿದು ಕುಣಿದೆ. ಕುಣಿತ ಮುಗಿಯುವುದರೊಳಗೆ ಕಬ್ಬಿನ ಹಾಲಿನವರು ಅವನ ಕೊರಳಪಟ್ಟಿ ಹಿಡಿದಾಗಿತ್ತು.

"ಕಾಯ್ಕೂ ಮಿಯಾಂ? ಜೇಬ್ ಮೇ ಕಾಯ್ಕೂ?" ಜೇಬಿಗೆ ಯಾಕೆ ಹಾಕಿಕೊಂಡೆ ಎಂದು ಜಗ್ಗಿದರು.

ಬೆಳಗಿನಿಂದ ಎಲ್ಲವನ್ನೂ ನೋಡುತ್ತಿದ್ದ ಹೂವಿನವಳೂ ಬುಟ್ಟಿ ಸರಿಸಿ ಎದ್ದಳು. ಉಡುಪಿಯ ಹುಡುಗನಿಗೆ ಗಾಬರಿಯಲ್ಲಿ ಹಿಂದಿಯೂ ಬರಲಿಲ್ಲ, ತೆಲುಗೂ ಬರಲಿಲ್ಲ. "ಇಲ್ಲ ಮಾರಾಯ್ರೆ, ಸಿನೆಮಾ, ಸಿನೆಮಾ" ಎಂದು ಕನ್ನಡದಲ್ಲಿ ಬಡಬಡಿಸಿದ. ಅದು ಇನ್ನೂ ಕೆಟ್ಟದಾಯಿತು, ಯಾಕೆಂದರೆ ಹೂವಿನವಳು ಸೇಡಂ ಕಡೆಯವಳು.

"ಏ ತಮ್ಮಾ, ಕನ್ನಡದಾಂವ ಆಗಿ ಹಿಂಗ ಮಾಡಾಕತ್ತೀಯಲ್ಲೋ! ನಮ್ಮ ಮಂದಿ ಹೆಸರು ಕೆಡಸ್ತೀ ಏನು? ಕೊಡು ಆಕಿದು ಆಕಿಗೆ!"

ನಾನು ಮೆಟ್ಟಿಲಿಳಿದು ಓಡಿದೆ. ಬಾಲ್ಕನಿಯ ಕ್ಯಾಮೆರಾ ತೋರಿಸಿ, ಕಾಲೇಜಿನ ಗುರುತಿನ ಚೀಟಿ ತೋರಿಸಿ, ಎಲ್ಲರಿಗೂ ಒಂದೊಂದು ಲೋಟ ಕಬ್ಬಿನ ಹಾಲು ಕುಡಿಸಿ ಅವನನ್ನು ಬಿಡಿಸಿಕೊಂಡೆ. ಅಂಗಿಯ ಮೇಲಿನ ಗುಂಡಿ ಹೋಗಿತ್ತು. "ಎಂತ ಮಾರಾಯ್ತಿ, ನಂಗೆ ಪೆಟ್ಟು ಬೀಳುದು ಸ್ವಲ್ಪದ್ರಲ್ಲಿ ತಪ್ಪಿತು" ಎಂದ. ಗುಟ್ಟು ಹೊರಬಿದ್ದ ಮೇಲೆ ಆ ದಿನ ಅಲ್ಲಿ ಏನು ತೆಗೆದರೂ ನಡೆಯುವಂತಿರಲಿಲ್ಲ. ಮಂದಿಯೆಲ್ಲ ತಲೆ ಬಾಚಿಕೊಂಡು ಬಾಲ್ಕನಿಯತ್ತ ನೋಡತೊಡಗಿದ್ದರು.

ಸಿಟ್ಟಿನಲ್ಲಿ ನಾನು ಕಾಲೇಜಿನ ಆವರಣದಲ್ಲೇ ಗಲ್ಲಿ ಕಟ್ಟಿದೆ. ಕ್ಯಾಂಟೀನಿನ ಹಿಂದೆ ಎರಡು ಗಾಡಿ ನಿಲ್ಲಿಸಿ, ಸಹಪಾಠಿಗಳನ್ನು ದಾರಿಹೋಕರನ್ನಾಗಿ ಮಾಡಿದೆ. ಯಾರೂ ಚಾವಿಯತ್ತ ನೋಡಕೂಡದು ಎಂದು ಕಟ್ಟಪ್ಪಣೆ. ಅವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಖಳ ಚಾವಿ ಎತ್ತಿದ, ಜೇಬಿಗೆ ಹಾಕಿದ, ಫೋಕಸ್ ಸರಿಯಾಗಿ ಬಂತು, ಎಲ್ಲವೂ ಬರೆದಂತೆಯೇ ಆಯಿತು. ಜೋಡಿಸಿ ಮಾರ್ಗದರ್ಶಕಿಗೆ ತೋರಿಸಿದೆ. ಅವರು ಪೂರ್ತಿ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

"ಇದರಲ್ಲಿ ಯಾರಿಗೂ ಏನೂ ಕಳೆದುಹೋದ ಹಾಗೆ ಕಾಣುವುದಿಲ್ಲವಲ್ಲ" ಎಂದರು.

ಬೈದಿದ್ದರೆ ಎದುರು ಮಾತಾಡಬಹುದಿತ್ತು. ಆದರೆ ನನಗೂ ಹಾಗೆಯೇ ಅನಿಸಿತ್ತು. ಪ್ರದರ್ಶನ ಹತ್ತಿರವಾಗುತ್ತಿತ್ತು. ಹೊರಗೆ ಬಂದಾಗ ಪ್ರೇಮಕಥೆಯವನು ಎದುರಾದ, ಹೆಗಲು ಮುಟ್ಟಿಕೊಂಡ. ನನಗೆ ಅಳು ಬಂತು, ಅವನ ಮುಂದೆ ಅಳಬಾರದೆಂದು ಸಂಕಲನದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅಲ್ಲಿ ಕೆಲಸವಿಲ್ಲದೆ ಕೂರಲಾರದೆ ಒಂದು ತಮಾಷೆಗೆ ಕೈಹಾಕಿದೆ. ಕಾಚಿಗೂಡದ ಕೆಟ್ಟ ಟೇಕುಗಳನ್ನೆಲ್ಲ ಒಂದರ ಹಿಂದೊಂದು ಜೋಡಿಸಿ ನಮ್ಮ ಗುಂಪಿಗೆ ಕಳಿಸೋಣ, ಕೊನೆಗೆ ನಗುವಾದರೂ ಬರಲಿ ಎಂದು. ಚಾವಿ ಬೀಳುತ್ತದೆ, ಕಬ್ಬಿನ ಹಾಲಿನವರು ಕೊಡುತ್ತಾರೆ. ಬೀಳುತ್ತದೆ, ಸ್ಕೂಟರಿನ ತಾಯಿ ಕೊಡುತ್ತಾರೆ. ಬೀಳುತ್ತದೆ, ಆಟೋದವನು ಹಾರ್ನ್ ಹೊಡೆದು ಕರೆಯುತ್ತಾನೆ. ಮೈಸೂರಿನ ಗೆಳತಿಯೂ ಕ್ಯಾಮೆರಾದವನೂ ಬಂದು ನನ್ನ ಹಿಂದೆ ನಿಂತರು. ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ಸೌಂಡ್ ತೆಗಿಯೇ, ಆ ಹಾರ್ನಿಗೆ ನನ್ನ ತಲೆ ಸಿಡೀತಿದೆ" ಎಂದಳು ಗೆಳತಿ.

ಶಬ್ದದ ಸಾಲನ್ನು ಮುಚ್ಚಿ ಮತ್ತೆ ಮೊದಲಿನಿಂದ ಓಡಿಸಿದೆ. ಈ ಸಲ ಮೊದಲ ಚಾವಿಗೆ ನಕ್ಕೆವು. ಎರಡನೆಯದಕ್ಕೂ ನಕ್ಕೆವು. ಆಮೇಲೆ ಕೋಣೆಯಲ್ಲಿ ನಗು ನಿಂತಿತು. ಹಾರ್ನ್ ಇಲ್ಲ, ಥ್ಯಾಂಕ್ಸ್ ಅಂಕಲ್ ಇಲ್ಲ. ಒಬ್ಬ ಹುಡುಗಿ ಏನನ್ನೋ ಕಳೆದುಕೊಳ್ಳಲು ಹೆಣಗುತ್ತಿದ್ದಾಳೆ, ಊರಿಗೆ ಊರೇ ಅದನ್ನು ಅವಳ ಕೈಗೆ ಮರಳಿ ತುರುಕುತ್ತಿದೆ. ಮೊದಮೊದಲು ಅವಳ ತುಟಿಯ ಮೇಲೆ ಉಪಚಾರದ ನಗುವಿತ್ತು. ಬಿಸಿಲಿಗೆ, ದಣಿವಿಗೆ, ನನ್ನ ಬೈಗುಳಕ್ಕೆ ಅದು ಟೇಕಿನಿಂದ ಟೇಕಿಗೆ ಬಾಡುತ್ತ ಹೋಗಿತ್ತು. ಊರುಗೋಲಿನ ಮುದುಕರು ಚಾವಿ ತೋರಿಸುವ ಹೊತ್ತಿಗೆ ಅವಳ ಮುಖದಲ್ಲಿ ಇದ್ದದ್ದು ನಿಜವಾದ ಹತಾಶೆ. ನಟನೆ ಮಾಡಿಸಲು ಹೋಗಿದ್ದರೆ ನನ್ನಿಂದ ಅದು ಸಾಧ್ಯವೇ ಇರಲಿಲ್ಲ.

"ಆಕಿಗೆ ಆ ಚಾವಿ ಬ್ಯಾಡ. ಯಾರೂ ಬಿಡವಲ್ರು" ಎಂದು ನನ್ನ ಬಾಯಿಂದ ಮನೆಯ ಕನ್ನಡವೇ ಹೊರಬಿತ್ತು. ಬರೆದದ್ದನ್ನು ಬಿಟ್ಟು, ನಡೆದದ್ದನ್ನು ಹಿಡಿಯುವುದು ಎಂದು ಆ ಕುರ್ಚಿಯಲ್ಲೇ ನಿರ್ಧಾರ ಮಾಡಿದೆ.

ಖಳನಿಗೆ ಫೋನ್ ಮಾಡಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡ. "ಹಾಗಾದ್ರೆ ನಂದೆಂತ ಉಂಟು ಅದ್ರಲ್ಲಿ? ಗಡ್ಡ ತೆಗಿಲಿಕ್ಕಾ?" ಎಂದ. ಪಾಪ ಅನಿಸಿತು. ಆದರೆ ಅವನ ಪ್ರಶ್ನೆಯಿಂದಲೇ ದೃಶ್ಯದ ಕೊನೆ ಹೊಳೆಯಿತು. ಎಲ್ಲರೂ ತಿರುಗಿ ಕೊಡುವ ಗಲ್ಲಿಯಲ್ಲಿ ಒಬ್ಬನು ಮಾತ್ರ ಕೊಡುವುದಿಲ್ಲ. ನಾನು ಮೊದಲ ದಿನದಿಂದ ಒದ್ದಾಡಿದ ಅದೇ ಶಾಟು. ಆಗ ಅದಕ್ಕೆ ಅರ್ಥವಿರಲಿಲ್ಲ, ಈಗ ಬಂದಿತ್ತು. "ಗಡ್ಡಕ್ಕೆ ಕೈ ಹಚ್ಚಬೇಡ, ನೀನೇ ಕೊನೆ" ಎಂದೆ.

ಅದಕ್ಕೂ ಮೊದಲು ಇನ್ನೊಂದು ಕೆಲಸವಿತ್ತು. ನಮ್ಮ ಟೇಕುಗಳಲ್ಲಿ ಇದ್ದದ್ದೆಲ್ಲ ಕೇಳದೆ ತೆಗೆದ ಮುಖಗಳು. ಒಪ್ಪಿಗೆ ಇಲ್ಲದೆ ಪರದೆಗೆ ಹಾಕುವಂತಿಲ್ಲ, ಹಾಕಲು ಮನಸ್ಸೂ ಇರಲಿಲ್ಲ. ಫೋನಿನಲ್ಲಿ ಶಾಟುಗಳನ್ನು ತುಂಬಿಕೊಂಡು ಮತ್ತೆ ಕಾಚಿಗೂಡಕ್ಕೆ ಹೋದೆವು. ಕಬ್ಬಿನ ಹಾಲಿನವರು ತಮ್ಮನ್ನು ನೋಡಿ, ಇಷ್ಟು ಕಪ್ಪಗೆ ಯಾಕೆ ಬಂದಿದ್ದೇನೆ ಎಂದು ಕ್ಯಾಮೆರಾದವನನ್ನು ತರಾಟೆಗೆ ತೆಗೆದುಕೊಂಡು, ಹೊಸ ಅಂಗಿ ಹಾಕಿಕೊಂಡು ಬರುತ್ತೇನೆ, ಮತ್ತೊಮ್ಮೆ ತೆಗೆಯಿರಿ ಎಂದರು. ಅವರ ಮನಸ್ಸಿನ ತೃಪ್ತಿಗೆ ತೆಗೆದೆವು. ಚಾವಿಯನ್ನು ಎರಡೂ ಕೈಯಲ್ಲಿ ಎತ್ತಿ, ಬಹುಮಾನ ವಿತರಿಸುವವರ ಹಾಗೆ ಕೊಟ್ಟರು. ಹಳೆಯದನ್ನೇ ಇಟ್ಟುಕೊಳ್ಳಲು ಒಪ್ಪಿಸುವಷ್ಟರಲ್ಲಿ ಸಾಕುಬೇಕಾಯಿತು. ಮುದುಕರು ದಿನಾ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಹೋಗುವವರು, ಸುಲಭವಾಗಿ ಸಿಕ್ಕರು. ಆಟೋದವನೂ ಚಾವಿಯನ್ನು ಕೌಂಟರಿಗೆ ಒಯ್ದಿದ್ದವನೂ ಒಂದೇ ಮಾತಿಗೆ ಸರಿ ಎಂದರು. ಸ್ಕೂಟರಿನ ತಾಯಿ ಮಾತ್ರ, ಮಗಳ ಮುಖವೂ ಬಂದಿದೆ, ಬೇಡ ಎಂದರು. ಅವರ ಎದುರಿನಲ್ಲೇ ಆ ಶಾಟನ್ನು ಅಳಿಸಿದೆ. ಬಲು ಒಳ್ಳೆಯ ಶಾಟು ಅದು, ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಉಳಿದದ್ದು ಕೊನೆಯ ಶಾಟು. ಈ ಸಲ ಗಲ್ಲಿಗೆ ಎಲ್ಲ ಗೊತ್ತಿತ್ತು. ಗಡ್ಡದವನು ಚಾವಿ ಎತ್ತಿ ಜೇಬಿಗೆ ಹಾಕಿಕೊಳ್ಳುವಾಗ ಯಾರೂ ಏನೂ ಮಾಡಬಾರದು, ಅಷ್ಟೇ ನಮ್ಮ ಬೇಡಿಕೆ. ಅದೊಂದೇ ಅವರಿಂದ ಆಗಲಿಲ್ಲ. ಕಬ್ಬಿನ ಹಾಲಿನವರು ನೋಡದವರಂತೆ ನಟಿಸಲು ಹೋಗಿ, ಮುಖವನ್ನು ಗೋಡೆಯ ಕಡೆ ಪೂರಾ ತಿರುಗಿಸಿ ಆಕಾಶ ನೋಡುತ್ತ ಶಿಳ್ಳೆ ಹೊಡೆದರು. ಯಾರೋ ದೂರದಿಂದ, ಮರೆತು, "ಓ ಭಾಯ್!" ಎಂದು ಕೂಗಿದರು. ಹೂವಿನವಳ ಕೈಯಂತೂ ಪ್ರತಿ ಟೇಕಿನಲ್ಲೂ ತಾನಾಗಿ ಮೇಲೆದ್ದು ಖಳನ ಪ್ಯಾಂಟು ಹಿಡಿಯಲು ಹೋಗುತ್ತಿತ್ತು.

ಕಬ್ಬಿನ ಹಾಲಿನವರಿಗೆ ಕಬ್ಬು ಅರೆಯುವ ಗೆಜ್ಜೆಯ ಚಕ್ರ ತಿರುಗಿಸುತ್ತಲೇ ಇರಲು ಹೇಳಿದೆ. ಕೈಗೆ ಕೆಲಸ ಸಿಕ್ಕ ಕೂಡಲೇ ಅವರು ಕ್ಯಾಮೆರಾವನ್ನು ಮರೆತರು. ಹೂವಿನವಳ ಪಕ್ಕ ಹೋಗಿ ಕುಕ್ಕರಗಾಲಲ್ಲಿ ಕೂತೆ.

"ಅಕ್ಕಾ, ನೀವು ಮುಖ ತಿರುಗಿಸಬ್ಯಾಡ್ರಿ. ಆಂವ ಚಾವಿ ಇಟ್ಕೊಳ್ಳೋದನ್ನ ನೋಡ್ರಿ. ಆದ್ರ ಸುಮ್ನಿರ್ರಿ."

"ನೋಡಿ ಸುಮ್ನಿರೋದು ನನಗ ಬರಂಗಿಲ್ಲವ್ವಾ" ಎಂದಳು. ಕೈಯಲ್ಲಿ ಅರ್ಧ ಕಟ್ಟಿದ ಮಲ್ಲಿಗೆ ಮಾಲೆಯಿತ್ತು.

"ಬರದಿದ್ರೂ ಮಾಡ್ರಿ ಅಕ್ಕಾ. ಇಲ್ಲಂದ್ರ ನನ್ನ ಸಿನಿಮಾ ಇಲ್ಲಿಗೇ ನಿಂತು ಹೋಗ್ತೈತ್ರಿ."

ಅವಳು ನನ್ನ ಮುಖವನ್ನೇ ನೋಡಿದಳು. "ಭಾಳ ಕಷ್ಟದ ಕೆಲಸ ಹಚ್ಚಿದಿ ತಂಗಿ. ಆತು, ಹೋಗು" ಎಂದಳು.

ಬಾಲ್ಕನಿಗೆ ಓಡಿದೆ. ಹುಡುಗಿ ಬಂದಳು, ಚಾವಿ ಬಿತ್ತು. ಖಳ ಬಗ್ಗಿದ, ಎತ್ತಿದ, ಜೇಬಿಗೆ ಇಳಿಸಿದ. "ಹೂವಿನವರ ಮೇಲೆ ಹೋಗು" ಎಂದು ಪಿಸುಗುಟ್ಟಿದೆ. ಫೋಕಸ್ ಜೇಬಿನಿಂದ ಜಾರಿ ಅವಳ ಮುಖಕ್ಕೆ ಬಂತು. ಹೂ ಕಟ್ಟುತ್ತಿದ್ದ ಬೆರಳುಗಳು ನಿಂತವು. ಬಾಯಿ ತೆರೆಯಿತು. ಹೋಗುತ್ತಿರುವ ಹುಡುಗಿಯ ಬೆನ್ನನ್ನು ನೋಡಿದಳು, ಅವನನ್ನು ನೋಡಿದಳು. ತೆರೆದ ಬಾಯನ್ನು ನಿಧಾನವಾಗಿ ಮುಚ್ಚಿಕೊಂಡು, ತಲೆ ತಗ್ಗಿಸಿ ಮತ್ತೆ ಹೂ ಕಟ್ಟತೊಡಗಿದಳು. ಆಣೆ ಮಾಡಿ ಹೇಳುತ್ತೇನೆ, ಆ ಬಾಲ್ಕನಿಯಲ್ಲಿ ನಮಗೆಲ್ಲ ಹೆದರಿಕೆಯಾಯಿತು.

ಕಟ್ ಎಂದು ಕೂಗಿದ್ದೇ ತಡ, ಅವಳು ಎದ್ದುನಿಂತು ಖಳನ ಬೆನ್ನಿಗೆ ಒಂದು ಬಿಟ್ಟಳು. "ಕೊಡಲೇ ಇನ್ನ! ಸಾಕಾತು!"

ಶಬ್ದದ ಕೆಲಸ ಗೆಳತಿಯದು. ಗಲ್ಲಿಯ ಗದ್ದಲದಲ್ಲಿ ಚಾವಿಯ ಸದ್ದು ಕೇಳಿಸಿರಲೇ ಇಲ್ಲ. ಹಾಸ್ಟೆಲಿನ ಬಚ್ಚಲಿನಲ್ಲಿ ಗೋಡೆಗೆ ಕಂಬಳಿ ತೂಗುಹಾಕಿ, ನೆಲಕ್ಕೆ ಹಾಸುವ ಒಂದು ಶಾಬಾದಿ ಕಲ್ಲು ತಂದಿಟ್ಟು, ಅದರ ಮೇಲೆ ಚಾವಿಯನ್ನು ಬೇರೆ ಬೇರೆ ಎತ್ತರದಿಂದ ಬೀಳಿಸಿ ಧ್ವನಿಮುದ್ರಿಸಿದಳು. ಮೊದಲ ಬಾರಿ ಚಾವಿ ಬೀಳುವಾಗ ಗಲ್ಲಿಯ ಗದ್ದಲ ಪೂರ್ತಿ ಇರುತ್ತದೆ. ಪ್ರತಿ ಸಲ ಚಾವಿ ಮರಳಿದಾಗಲೂ ಒಂದೊಂದು ಸದ್ದು ಹಿಂದೆ ಸರಿಯುತ್ತದೆ. ಮೊದಲು ಹಾರ್ನ್ ಹೋಗುತ್ತದೆ, ಆಮೇಲೆ ಮಾತು, ಆಮೇಲೆ ಗಾಡಿಯ ಚಕ್ರದ ಗೆಜ್ಜೆ. ಕೊನೆಗೆ ಕಲ್ಲಿನ ಮೇಲೆ ಚಾವಿ ಬಿದ್ದ ಸದ್ದೊಂದೇ. ಸಂಗೀತ ಬೇಕೆಂದು ನಾನು ಹಟ ಹಿಡಿದೆ, ಅವಳು ಬೇಡವೆಂದಳು, ಜಗಳವಾಡಿದೆವು, ಅವಳೇ ಗೆದ್ದಳು.

ಪ್ರದರ್ಶನದ ದಿನ ಪ್ರೇಮಕಥೆ ನಮಗಿಂತ ಮುಂಚೆ ಬಂತು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಚಪ್ಪಾಳೆಯೂ ಬಿತ್ತು. ಅದು ಪಾಸಾಯಿತು. ಆಮೇಲೆ ನಮ್ಮದು. ಗೆಳತಿಯ ಕೈ ಹಿಡಿದುಕೊಂಡು ಕತ್ತಲಲ್ಲಿ ಕೂತೆ.

ಕಬ್ಬಿನ ಹಾಲಿನವರು ಬಂದಾಗ ತರಗತಿ ನಕ್ಕಿತು. ಆಟೋದವನಿಗೂ ನಕ್ಕಿತು. ನಗಲಿ, ಅದು ನಮಗೆ ಬೇಕಾದದ್ದೇ. ಚಾವಿ ಲಾಡ್ಜಿನ ಬಾಗಿಲೊಳಗೆ ಮರಳುವ ಹೊತ್ತಿಗೆ ನಗು ತೆಳುವಾಯಿತು. ಊರುಗೋಲಿನ ಮುದುಕರಿಗೆ ಯಾರೂ ನಗಲಿಲ್ಲ. ಕೊನೆಯ ಬಾರಿ ಚಾವಿ ಬಿತ್ತು. ಗಡ್ಡದವನು ಬಗ್ಗಿದ. ಎತ್ತಿಕೊಂಡ. ಅವನ ಕೈ ಜೇಬಿನ ಕಡೆ ಹೋಯಿತು. ಪರದೆಯ ಮೇಲೆ ಹೂವಿನವಳು ಬಾಯಿ ತೆರೆದು, ಮುಚ್ಚಿಕೊಂಡಳು.

"ಓ ಮೇಡಂ! ಚಾಬೀ!"

ಕೂಗಿದ್ದು ನಮ್ಮ ಹಿಂದಿನ ಸಾಲಿನಿಂದ. ತಿರುಗಿ ನೋಡಿದರೆ ಪ್ರೇಮಕಥೆಯ ನಿರ್ದೇಶಕ. ಎದ್ದುನಿಂತು, ಕೈ ಮುಂದೆ ಚಾಚಿ, ಪರದೆಯ ಮೇಲೆ ದೂರ ಹೋಗುತ್ತಿದ್ದ ಹುಡುಗಿಯನ್ನು ಕರೆಯುತ್ತಿದ್ದ. ತಾನು ನಿಂತಿದ್ದೇನೆಂದು ಅವನಿಗೇ ಗೊತ್ತಿದ್ದಂತಿರಲಿಲ್ಲ. ಪರದೆ ಕಪ್ಪಾಗಿ ನಮ್ಮ ಸಿನಿಮಾದ ಹೆಸರು ಬಂತು.

ದೀಪ ಹತ್ತಿದಾಗ ಮಾರ್ಗದರ್ಶಕಿ ಮೊದಲು ಅವನನ್ನು ನೋಡಿದರು, ಆಮೇಲೆ ನನ್ನನ್ನು.

"ಆ ಕೋಣೆಯಲ್ಲಿ ಏನಿದೆ?" ಎಂದು ಕೇಳಿದರು.

"ಕ್ಯಾಮೆರಾ ಕೊಡಿಸಿ ಮೇಡಂ, ತೋರಿಸ್ತೀನಿ" ಎಂದೆ.

ಅವರು ನಕ್ಕು, ನಮ್ಮ ತಂಡದ ಹೆಸರಿನ ಮುಂದೆ ಸಹಿ ಹಾಕಿದರು. ಪ್ರೇಮಕಥೆಯವನು ಇನ್ನೂ ನಿಂತೇ ಇದ್ದ.